ದೈವ ಕರುಣೆಯ ಜಪಸರ ಮತ್ತು ನೊವೇನಾ: ಮನೆಯಲ್ಲಿ ಅರ್ಧಕ್ಕೆ ನಿಲ್ಲದಂತೆ ನಡೆಸುವ ಕ್ರಮ

ದೈವ ಕರುಣೆಯ ನೊವೇನಾ ಅಂದರೆ ಯೇಸುವಿನ ಕರುಣೆ ಬೇಡಿ ಕಥೋಲಿಕರು ಶುಭ ಶುಕ್ರವಾರದಿಂದ ಒಂಬತ್ತು ದಿನ ಮಾಡುವ ಪ್ರಾರ್ಥನೆ. ಅದರಲ್ಲಿ ಮಣಿಸರ ಹಿಡಿದು ಹೇಳುವ ಪ್ರಾರ್ಥನೆಗೂ ಆ ಮಣಿಸರಕ್ಕೂ ಜಪಸರ ಎಂದೇ ಹೆಸರು. ಪಾಸ್ಖ (ಈಸ್ಟರ್) ಹಬ್ಬ ಕಳೆದ ಮೇಲೆ ಪ್ರತಿ ವರ್ಷ ಅದೇ ಮಾತು ಕೇಳುತ್ತದೆ. "ಶುಭ ಶುಕ್ರವಾರ ಶುರುಮಾಡಿದ್ವಿ, ಮೂರನೇ ದಿನಕ್ಕೇ ನಿಂತುಹೋಯ್ತು." ಕೆಲವರು ಒಂಬತ್ತೂ ದಿನ ಮುಗಿಸಿರುತ್ತಾರೆ, ಆದರೆ ಮಣಿಗಳ ಮೇಲೆ ಹೇಳಿದ್ದೆಲ್ಲ ಮಾಮೂಲು ಜಪಸರದ ನಮೋ ಮರಿಯಾ (ಮರಿಯಮ್ಮನವರ ಪ್ರಾರ್ಥನೆ). ಇನ್ನು ಕೆಲವರದ್ದು ಬೇರೆ ಪಾಡು. ಪ್ರಾರ್ಥನೆ ಎಲ್ಲ ಸರಿಯಾಗಿ ಮಾಡಿ, ಕೊನೆಗೆ ಕರುಣೆಯ ಭಾನುವಾರ ಮಧ್ಯಾಹ್ನ ಪಾಪನಿವೇದನೆಗೆ (ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ) ಸ್ವಾಮಿಗಳನ್ನು, ಅಂದರೆ ಚರ್ಚಿನ ಗುರುಗಳನ್ನು, ಹುಡುಕಿಕೊಂಡು ಊರೆಲ್ಲ ಸುತ್ತುತ್ತಾರೆ.

ಇವರಲ್ಲಿ ಯಾರಿಗೂ ಭಕ್ತಿ ಕಡಿಮೆ ಇರಲಿಲ್ಲ. ತಪ್ಪಿದ್ದು ಕ್ರಮ. ಹೆಚ್ಚಿನವರು ಜಪಸರದಿಂದ ಶುರುಮಾಡಿ, ಮನಸ್ತಾಪ ಇರುವವರ ಜೊತೆ ರಾಜಿ ಮತ್ತು ಪಾಪನಿವೇದನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೊನೆಗೆ ಇಟ್ಟದ್ದು ನಡೆಯುವುದೇ ಇಲ್ಲ. ಅದಕ್ಕೇ ಇಲ್ಲಿ ಕ್ರಮವನ್ನು ತಿರುವಿ ಹಾಕಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳನ್ನು, ಅದರಲ್ಲೂ ತೋಟದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

## ಶುರುಮಾಡುವ ಮುಂಚೆ

ಈ ಭಕ್ತಿಯಲ್ಲಿ ಐದು ಸಂಗತಿಗಳಿವೆ: ಚಿತ್ರಪಟ, ಜಪಸರ, ಮೂರು ಗಂಟೆಯ ಪ್ರಾರ್ಥನೆ, ನೊವೇನಾ, ಕರುಣೆಯ ಭಾನುವಾರ. ಐದಕ್ಕೂ ಮೂಲ ಪೋಲೆಂಡಿನ ಸಂನ್ಯಾಸಿನಿ ಸಂತ ಫೌಸ್ಟಿನಾ (1905–1938) ತಮಗಾದ ಯೇಸುವಿನ ದರ್ಶನಗಳ ಬಗ್ಗೆ ಬರೆದಿಟ್ಟ ದಿನಚರಿ.

ಇಂಥ ದರ್ಶನಗಳನ್ನು ಧರ್ಮಸಭೆ (ಕಥೋಲಿಕ ಚರ್ಚ್) ಖಾಸಗಿ ಪ್ರಕಟಣೆ ಎಂದು ಕರೆಯುತ್ತದೆ. ನಂಬಲೇಬೇಕು ಎಂದು ಯಾರ ಮೇಲೂ ಕಡ್ಡಾಯ ಹೇರುವುದಿಲ್ಲ. ಕರುಣೆಯ ಭಾನುವಾರದ ಮಾತು ಮಾತ್ರ ಬೇರೆ. ಪೋಪ್ ಎರಡನೇ ಜಾನ್ ಪಾಲ್ 2000ರಲ್ಲಿ ಅದನ್ನು ಇಡೀ ಧರ್ಮಸಭೆಯ ಕ್ಯಾಲೆಂಡರಿಗೆ ಸೇರಿಸಿದರು. ಪಾಸ್ಖದ ಮುಂದಿನ ಭಾನುವಾರವೇ ಅದು.

ಐದನ್ನೂ ಒಂದೇ ವರ್ಷ ಮಾಡಲು ಹೋಗಬೇಡಿ. ಮೊದಲ ವರ್ಷ ಪಾಪನಿವೇದನೆ, ಒಂಬತ್ತು ದಿನದ ಜಪಸರ, ಭಾನುವಾರದ ಬಲಿಪೂಜೆ (ಮಾಸ್) ಇಷ್ಟಾದರೆ ಧಾರಾಳವಾಯ್ತು. ಎಲ್ಲವನ್ನೂ ಹಿಡಿಯಲು ಹೋದ ಮನೆಗಳೇ ಮೊದಲು ಕೈಬಿಡುವುದು.

## ಹಂತ 1: ಬೇಕಾದ ಸಾಮಾನು

ಜಪಸರ. ಮಾಮೂಲು ಐದು ಹತ್ತರ (ಹತ್ತು ಚಿಕ್ಕ ಮಣಿಗಳ ಐದು ಸಾಲು) ಜಪಸರವೇ ಸಾಕು. ಇದಕ್ಕೆಂದೇ ಬೇರೆ ಜಪಸರ ಇದೆ ಎಂದು ಯಾರಾದರೂ ಮಾರಲು ಬಂದರೆ ಬೇಡ ಅನ್ನಿ. ದೊಡ್ಡ ಮಣಿ, ಚಿಕ್ಕ ಮಣಿಗಳ ವ್ಯತ್ಯಾಸ ಬೆರಳಿಗೆ ಗೊತ್ತಾಗುವಂತಿರಲಿ. ಎಲ್ಲ ಮಣಿಯೂ ಒಂದೇ ಗಾತ್ರದ್ದಾದರೆ, ಹತ್ತು ಮಣಿಯ ಆಚೆ ಈಚೆ ಇರುವ ಸರಪಳಿಯ ಜಾಗವನ್ನು ಹೆಬ್ಬೆರಳಿನಿಂದ ಗುರುತು ಮಾಡಿಕೊಳ್ಳಿ.

ಪ್ರಾರ್ಥನೆಯ ಹಾಳೆ. ನಿಮ್ಮ ಧರ್ಮಕೇಂದ್ರದಲ್ಲಿ (ಊರಿನ ಚರ್ಚಿನಲ್ಲಿ) ಬಳಸುವ ಪುಸ್ತಕದಿಂದಲೇ ಬರೆದುಕೊಳ್ಳಿ ಅಥವಾ ಜೆರಾಕ್ಸ್ ಮಾಡಿಸಿ. ಒಂದೊಂದು ಪುಸ್ತಕದಲ್ಲಿ ಅನುವಾದ ಒಂದೊಂದು ಥರ ಇರುತ್ತದೆ. ಮನೆಯಲ್ಲಿ ನಾಲ್ವರು ನಾಲ್ಕು ಪಾಠ ಹೇಳಿದರೆ ಮೊದಲ ಹತ್ತು ಮಣಿ ಮುಗಿಯುವಷ್ಟರಲ್ಲೇ ಗೊಂದಲ. ತಲೆಗೊಂದು ಹಾಳೆ, ದೊಡ್ಡ ಅಕ್ಷರದಲ್ಲಿ.

ಫೋನ್ ನೋಡಿ ಹೇಳ್ತೀವಿ ಅನ್ನುವವರಿಗೆ ಒಂದು ಮಾತು. ಈ ನೊವೇನಾ ಬರುವುದು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ. ಮಲೆನಾಡಿನಲ್ಲಿ ಸಂಜೆ ಗುಡುಗು ಮಳೆ, ಕರೆಂಟ್ ಹೋಗುವುದು, ಟವರ್ ಸಿಗದಿರುವುದು ಎಲ್ಲ ಆಗಲೇ. ಅದಲ್ಲದೆ ಪ್ರಾರ್ಥನೆಯ ವಿಡಿಯೊ ಹಾಕಿಕೊಂಡರೆ ಅದು ಹೇಳುತ್ತಾ ಹೋಗುತ್ತದೆ, ನಾವು ಕೇಳುತ್ತಾ ಕೂರುತ್ತೇವೆ. ಹಾಸಿಗೆ ಹಿಡಿದವರಿಗೆ ಅದು ಒಳ್ಳೆಯ ಆಸರೆ. ಉಳಿದವರಿಗೆ ಹಾಳೆಯೇ ವಾಸಿ.

ಚಿತ್ರಪಟ. ಇಲ್ಲದಿದ್ದರೂ ನಡೆಯುತ್ತದೆ. ತರುವುದಾದರೆ ನೋಡಿ ತನ್ನಿ. ನಮ್ಮ ಕಡೆಯ ಕಥೋಲಿಕ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಯೇಸುವಿನ ಪವಿತ್ರ ಹೃದಯದ ಪಟ. ಅದರಲ್ಲಿ ಎದೆಯ ಮೇಲೆ ಹೃದಯ ಎದ್ದು ಕಾಣುತ್ತದೆ. ಕರುಣೆಯ ಪಟದಲ್ಲಿ ಹೃದಯ ಕಾಣುವುದಿಲ್ಲ. ಬಲಗೈ ಆಶೀರ್ವಾದಕ್ಕೆ ಎತ್ತಿರುತ್ತದೆ, ಎಡಗೈ ಎದೆಯ ಬಳಿ ಉಡುಪನ್ನು ಮುಟ್ಟಿರುತ್ತದೆ. ಅಲ್ಲಿಂದ ಎರಡು ಕಿರಣ ಹೊರಡುತ್ತವೆ, ಒಂದು ತಿಳಿ ಬಿಳಿ, ಇನ್ನೊಂದು ಕೆಂಪು. ಶಿಲುಬೆಯ ಮೇಲೆ ಯೇಸುವಿನ ಪಕ್ಕೆಯಿಂದ ಹರಿದ ನೀರು ಮತ್ತು ರಕ್ತದ ಗುರುತು ಅವು. ಕೆಳಗೆ "ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ" ಎಂಬ ಅರ್ಥದ ಸಾಲು ಇರಬೇಕು. ಕನ್ನಡ, ಕೊಂಕಣಿ, ತಮಿಳು, ಯಾವುದರಲ್ಲಿದ್ದರೂ ಸರಿ. ಆ ಸಾಲೇ ಇಲ್ಲದ ಪಟ ಸಿಕ್ಕರೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.

ಒಂದು ಮೇಣದಬತ್ತಿ, ಬೆಂಕಿಪೊಟ್ಟಣ, ಗೋಡೆಯ ಕ್ಯಾಲೆಂಡರ್. ಇಷ್ಟೇ ಸಾಮಾನು.

## ಹಂತ 2: ಮುರಿದದ್ದನ್ನು ಜೋಡಿಸುವುದು

ಜಪಸರಕ್ಕಿಂತ ಮುಂಚೆ ಇದು. ನೊವೇನಾಕ್ಕೆ ಎರಡು ವಾರ ಇರುವಾಗಲೇ ಶುರುಮಾಡಿ.

ಕರುಣೆ ಬೇಡುವವರು ಕರುಣೆ ತೋರಿಸಬೇಕು ಎಂಬುದು ಈ ಭಕ್ತಿಯ ಜೀವ. ಕಾಣಿಕೆ ಅರ್ಪಿಸಲು ಬಂದಾಗ ಸೋದರನ ಜೊತೆ ಮನಸ್ತಾಪ ಇರುವುದು ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗು ಎಂದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳಿದ್ದಾರೆ. ನಮ್ಮಲ್ಲಿ ಆ ಮನಸ್ತಾಪ ಏನಿರುತ್ತದೆ? ತೋಟದ ಬೇಲಿ ಒಂದಡಿ ಈಚೆ ಬಂತು. ದಾರಿ ಬಿಡಲಿಲ್ಲ. ಬೋರ್‌ವೆಲ್ ನೀರಿನ ಪಾಲು. ಅಮ್ಮನ ಒಡವೆ ಯಾರಿಗೆ ಹೋಯ್ತು. ಒಂದೇ ಚರ್ಚಿನಲ್ಲಿ ಎಡಗಡೆ ಬೆಂಚಿನಲ್ಲಿ ಅಣ್ಣ, ಬಲಗಡೆ ಬೆಂಚಿನಲ್ಲಿ ತಮ್ಮ, ಮಾತಿಲ್ಲ.

ಎಲ್ಲ ಜಗಳವನ್ನೂ ಒಟ್ಟಿಗೆ ಮುಗಿಸಲು ಹೋಗಬೇಡಿ. ಒಂದನ್ನು ಆರಿಸಿ. ಎದುರು ಹೋಗಿ ಮಾತಾಡಲು ಆದರೆ ಹೋಗಿ. ಆಗದಿದ್ದರೆ ಫೋನ್ ಮಾಡಿ, "ಹಬ್ಬಕ್ಕೆ ಬನ್ನಿ" ಅಂದರೆ ಸಾಕು, ಹಳೆಯದನ್ನು ಕೆದಕಬೇಡಿ. ಅದೂ ಸಾಧ್ಯವಿಲ್ಲದಿದ್ದರೆ ಆ ವ್ಯಕ್ತಿಯ ಹೆಸರನ್ನು ಹಾಳೆಯ ಮೇಲ್ಗಡೆ ಬರೆದುಕೊಂಡು, ಒಂಬತ್ತೂ ದಿನ ಅವರಿಗಾಗಿ ಪ್ರಾರ್ಥಿಸಿ.

ಇಲ್ಲಿ ಒಂದು ಎಚ್ಚರಿಕೆ. ಹೊಡೆಯುವ ಗಂಡ, ಕುಡಿದು ಬಂದು ಹಿಂಸೆ ಕೊಡುವವರು, ಮಕ್ಕಳಿಗೆ ಅಪಾಯ ಆಗುವಂಥವರು ಇದ್ದರೆ ಕ್ಷಮಿಸುವುದು ಅಂದರೆ ವಾಪಸ್ ಅದೇ ಮನೆಗೆ ಹೋಗುವುದು ಅಲ್ಲ. ದೂರು ಕೊಡಬೇಕಾದ್ದನ್ನು ಕೊಡಿ. ಅವರ ಮೇಲೆ ಸೇಡು ಬೇಡ ಎಂದು ಮನಸ್ಸು ಮಾಡುವುದು ಬೇರೆ, ಸುರಕ್ಷಿತವಾಗಿರುವುದು ಬೇರೆ. ಎರಡೂ ಒಟ್ಟಿಗೆ ಸಾಧ್ಯ.

ತೋಟ ಇರುವವರಿಗೆ ಇನ್ನೊಂದು ಮಾತು, ಸ್ವಲ್ಪ ಕಹಿ ಅನಿಸಬಹುದು. ಕೆಲಸದವರ ಕೂಲಿ ಬಾಕಿ ಇದ್ದರೆ ನೊವೇನಾಕ್ಕೆ ಮುಂಚೆ ಕೊಟ್ಟು ಮುಗಿಸಿ. ಕೂಲಿಯವರಿಗೆ ಮಾಡುವ ಅನ್ಯಾಯವನ್ನು ಧರ್ಮಸಭೆ ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಇಟ್ಟಿದೆ. ಕೊಯ್ಲಿಗೆ ಅಸ್ಸಾಮಿನಿಂದ ಬಂದವರ ಲೆಕ್ಕ ಉಳಿಸಿಕೊಂಡು, ಅವರಿಗೆ ಒಂದು ಹೊತ್ತು ಬಿರಿಯಾನಿ ಕೊಟ್ಟು ಅದನ್ನು ಕರುಣೆಯ ಕೆಲಸ ಅಂತ ಬರೆದುಕೊಳ್ಳಬೇಡಿ.

## ಹಂತ 3: ಪಾಪನಿವೇದನೆ, ಗರಿಗಳ ಭಾನುವಾರಕ್ಕೆ ಮುಂಚೆ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಕರುಣೆಯ ಭಾನುವಾರದಂದೇ ಪಾಪನಿವೇದನೆ ಮಾಡಬೇಕು ಎಂದು ನಂಬಿರುತ್ತಾರೆ. ಹಾಗೇನಿಲ್ಲ. ಆ ಭಾನುವಾರಕ್ಕೆ ಸುಮಾರು 20 ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಅಂದರೆ ಗರಿಗಳ ಭಾನುವಾರದ (ಪಾಸ್ಖಕ್ಕೆ ಒಂದು ವಾರ ಮುಂಚಿನ ಭಾನುವಾರ) ಹಿಂದಿನ ವಾರ ಮಾಡಿದರೂ ಹಂತ 8ರ ದಂಡವಿಮೋಚನೆಯ ಲೆಕ್ಕಕ್ಕೆ ಬರುತ್ತದೆ. ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ಹೊತ್ತಿಗೆ ಮಾರಕ (ದೊಡ್ಡ) ಪಾಪ ಇರಬಾರದು, ಅಷ್ಟೇ. ನಡುವೆ ಅಂಥದ್ದು ಆದರೆ ಮತ್ತೆ ಹೋಗಬೇಕು.

ಪವಿತ್ರ ವಾರದಲ್ಲಿ ಸ್ವಾಮಿಗಳಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ತೋಟಗಳ ನಡುವಿನ ಚಿಕ್ಕ ಪ್ರಾರ್ಥನಾಲಯಗಳಿಗೆ ಅವರು ದಿನಾ ಬರಲೂ ಆಗುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಒಳಗಿನ ಹಳ್ಳಿಗಳಲ್ಲಿದ್ದರೆ ಮುಂಚೆಯೇ ಫೋನ್ ಮಾಡಿ ದಿನ ಕೇಳಿಕೊಳ್ಳಿ.

ಮಾಡುವ ಕ್ರಮ ಹೀಗೆ:

1. ಹಿಂದಿನ ರಾತ್ರಿ ಒಂದು ಕಾಲು ಗಂಟೆ ಸುಮ್ನೆ ಕೂತು ಆತ್ಮಪರಿಶೋಧನೆ ಮಾಡಿ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ನೆನೆಸಿಕೊಂಡರೆ ಸಾಕು. ಚೀಟಿ ಬರೆದುಕೊಂಡರೂ ಸರಿ, ಆಮೇಲೆ ಹರಿದುಹಾಕಿ.
2. ಹೋದ ಕೂಡಲೇ ಕೊನೆಯ ಸಲ ಯಾವಾಗ ಮಾಡಿದ್ದು ಎಂದು ಹೇಳಿ. ಎಷ್ಟು ವರ್ಷ ಆಗಿದ್ದರೂ ನಾಚಿಕೆ ಬೇಡ.
3. ನಿಮ್ಮ ಪಾಪ ಹೇಳಿ. ಅತ್ತೆಯ ಪಾಪ, ಸೊಸೆಯ ಪಾಪ, ಪಕ್ಕದ ತೋಟದವರ ಪಾಪ ಹೇಳಿ ಬರುವವರು ತುಂಬಾ ಜನ. ವಾಕ್ಯ "ಅವರು" ಎಂದು ಶುರುವಾದರೆ ಅಲ್ಲೇ ತಡೆದು "ನಾನು" ಎಂದು ತಿರುಗಿಸಿ.
4. ಸ್ವಾಮಿಗಳು ಹೇಳಿದ ಪ್ರಾಯಶ್ಚಿತ್ತವನ್ನು ಚರ್ಚಿನಿಂದ ಹೊರಡುವ ಮುಂಚೆಯೇ ಮುಗಿಸಿ. ಮನೆಗೆ ಹೋಗಿ ಮಾಡೋಣ ಅಂದದ್ದು ಮರೆತುಹೋಗುತ್ತದೆ.

## ಹಂತ 4: ಜಪಸರವನ್ನು ಕೈಗೆ ರೂಢಿ ಮಾಡಿಕೊಳ್ಳುವುದು

ನೊವೇನಾ ಶುರುವಾಗುವ ಮುಂಚಿನ ವಾರ ಮೂರ್ನಾಲ್ಕು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಸಮಾಧಾನವಾಗಿ ಹೇಳಿದರೂ ಹತ್ತು ನಿಮಿಷದ ಒಳಗೆ ಮುಗಿಯುವ ಪ್ರಾರ್ಥನೆ ಇದು. ಮುಕ್ಕಾಲು ಗಂಟೆ ಆಗುತ್ತಿದೆ ಅಂದರೆ ನಡುವೆ ಹಾಡು, ಮನವಿಗಳ ಮಾಲೆ (ಲಿಟನಿ), ಇನ್ನೊಂದು ನೊವೇನಾ ಎಲ್ಲ ಸೇರಿಕೊಂಡಿವೆ ಅಂತ ಅರ್ಥ.

1. ಶಿಲುಬೆಯ ಗುರುತು.
2. ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ, ಒಂದು ಪ್ರೇಷಿತರ ವಿಶ್ವಾಸ ಸಂಗ್ರಹ. ಶಿಲುಬೆಯ ಹತ್ತಿರದ ಮೂರು ಚಿಕ್ಕ ಮಣಿಗಳ ಮೇಲೆ ಹೇಳುವುದು ರೂಢಿ.
3. ದೊಡ್ಡ ಮಣಿಯ ಮೇಲೆ: "ನಿತ್ಯ ಪಿತನೇ, ನಮ್ಮ ಪಾಪಗಳಿಗೂ ಇಡೀ ಲೋಕದ ಪಾಪಗಳಿಗೂ ಪರಿಹಾರವಾಗಿ, ನಿಮ್ಮ ಅತಿಪ್ರಿಯ ಪುತ್ರರೂ ನಮ್ಮ ಪ್ರಭುವೂ ಆದ ಯೇಸುಕ್ರಿಸ್ತರ ಶರೀರ, ರಕ್ತ, ಆತ್ಮ ಮತ್ತು ದೈವತ್ವವನ್ನು ನಿಮಗೆ ಅರ್ಪಿಸುತ್ತೇನೆ."
4. ಹತ್ತು ಚಿಕ್ಕ ಮಣಿಗಳ ಮೇಲೆ, ಪ್ರತಿಯೊಂದಕ್ಕೂ: "ಅವರ ಯಾತನೆಯ ಪಾಡುಗಳ ನಿಮಿತ್ತ, ನಮ್ಮ ಮೇಲೂ ಇಡೀ ಲೋಕದ ಮೇಲೂ ದಯೆ ತೋರಿರಿ."
5. ಮೂರು ಮತ್ತು ನಾಲ್ಕನ್ನು ಐದು ಸಲ.
6. ಕೊನೆಗೆ ಮೂರು ಸಲ: "ಪವಿತ್ರ ದೇವರೇ, ಪವಿತ್ರ ಸರ್ವಶಕ್ತರೇ, ಪವಿತ್ರ ಅಮರರೇ, ನಮ್ಮ ಮೇಲೂ ಇಡೀ ಲೋಕದ ಮೇಲೂ ದಯೆ ತೋರಿರಿ."

ಅರ್ಥ ತಿಳಿಯಲಿ ಎಂದು ನಾನು ಹೀಗೆ ಬರೆದಿದ್ದೇನೆ. ನಿಮ್ಮ ಪುಸ್ತಕದಲ್ಲಿ ಪದಗಳು ಸ್ವಲ್ಪ ಬೇರೆ ಇದ್ದರೆ ಪುಸ್ತಕದ್ದನ್ನೇ ಹೇಳಿ.

ಇಲ್ಲಿ ಆಗುವ ತಪ್ಪುಗಳು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಅವೇ. ಮೊದಲನೆಯದು, ಬೆರಳಿನ ಅಭ್ಯಾಸ. ಚಿಕ್ಕ ಮಣಿ ಸಿಕ್ಕ ಕೂಡಲೇ ಬಾಯಿ ತಾನಾಗಿ ನಮೋ ಮರಿಯಾ ಅನ್ನುತ್ತದೆ. ಈ ಜಪಸರದಲ್ಲಿ ನಮೋ ಮರಿಯಾ ಬರುವುದು ಶುರುವಿನಲ್ಲಿ ಒಂದೇ ಸಲ. ಎರಡನೆಯದು, ಪ್ರತಿ ಹತ್ತರ ಕೊನೆಗೆ "ಪಿತನಿಗೂ ಸುತನಿಗೂ" ಸ್ತುತಿ ಸೇರಿಸುವುದು. ಇಲ್ಲಿ ಅದು ಇಲ್ಲ. ಮಾಮೂಲು ಜಪಸರದ ಸಂತೋಷದ ರಹಸ್ಯ, ದುಃಖದ ರಹಸ್ಯಗಳನ್ನು ಓದುವುದೂ ಇಲ್ಲ. ಮೂರನೆಯದು, ಯಾರ ಜೊತೆ ಮಾತಾಡುತ್ತಿದ್ದೇವೆ ಎಂಬುದೇ ತಪ್ಪಿಹೋಗುವುದು. ದೊಡ್ಡ ಮಣಿಯ ಪ್ರಾರ್ಥನೆ ಪಿತನಿಗೆ. ಬಲಿಪೂಜೆಯಲ್ಲಿ ಸ್ವಾಮಿಗಳು ಪೀಠದ ಮೇಲೆ ಅರ್ಪಿಸುವುದಕ್ಕೆ ನಾವು ಮನೆಯಿಂದ ದನಿ ಸೇರಿಸುತ್ತಿದ್ದೇವೆ. ಇದು ಗೊತ್ತಿದ್ದವರು ಬಲಿಪೂಜೆ ಬಿಟ್ಟು ಜಪಸರ ಹಿಡಿಯುವುದಿಲ್ಲ.

ಭಾಷೆಯ ತಾಪತ್ರಯಕ್ಕೆ ಸುಲಭದ ದಾರಿ ಇದೆ. ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಕೊಂಕಣಿ, ಸೊಸೆಗೆ ಕನ್ನಡ, ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ಪ್ರಾರ್ಥನೆಗೆ ಬರುವವರಿಗೆ ತಮಿಳು. ಚಿಕ್ಕ ಮಣಿಯ ಪ್ರಾರ್ಥನೆ ಎರಡು ತುಂಡು. ಮೊದಲ ತುಂಡನ್ನು ಮುಂದಾಳು ಒಂದು ಭಾಷೆಯಲ್ಲಿ ಹೇಳಲಿ, "ದಯೆ ತೋರಿರಿ" ಎಂಬ ಉತ್ತರವನ್ನು ಅವರವರು ಅವರವರ ಭಾಷೆಯಲ್ಲಿ ಹೇಳಲಿ. ಮೊದಲ ದಿನ ಸ್ವಲ್ಪ ಗಲಾಟೆ ಕೇಳುತ್ತದೆ. ಎರಡನೇ ದಿನಕ್ಕೆ ಕಿವಿ ಒಗ್ಗುತ್ತದೆ.

ಓಡಿಸಬೇಡಿ. ಉತ್ತರ ಮುಗಿಯುವ ಮುಂಚೆಯೇ ಮುಂದಾಳು ಮುಂದಿನ ಮಣಿಗೆ ಹಾರುತ್ತಿದ್ದರೆ ಮುಂದಾಳನ್ನು ಬದಲಿಸಿ. ಮಕ್ಕಳ ಕೈಗೆ ಒಂದು ಹತ್ತು ಕೊಡಿ, ಅವರು ನಿಧಾನ ಮಾಡುತ್ತಾರೆ.

## ಹಂತ 5: ಮೂರು ಗಂಟೆ

ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಹೊತ್ತು ಎಂದು ಮಧ್ಯಾಹ್ನ ಮೂರು ಗಂಟೆಗೆ ಈ ಭಕ್ತಿಯಲ್ಲಿ ವಿಶೇಷ ಜಾಗ ಇದೆ. ಹಾಗಂತ ಜಪಸರವನ್ನು ಮೂರು ಗಂಟೆಗೇ ಹೇಳಬೇಕು ಎಂಬ ನಿಯಮ ಇಲ್ಲ. ಇದನ್ನು ಬೆರೆಸಿಕೊಂಡೇ ಕೆಲಸಕ್ಕೆ ಹೋಗುವವರು ಕೈಬಿಡುವುದು.

ಎರಡನ್ನೂ ಬೇರೆ ಮಾಡಿ. ಜಪಸರ ಸಂಜೆ, ಮನೆಯವರೆಲ್ಲ ಸೇರಿದಾಗ. ಮೂರು ಗಂಟೆಗೆ ಇರುವಲ್ಲೇ ಒಂದು ಕ್ಷಣ. ಫೌಸ್ಟಿನಾ ಅವರ ದಿನಚರಿಯಲ್ಲೂ ಹಾಗೇ ಇದೆ: ಪ್ರಾರ್ಥನಾಲಯಕ್ಕೆ ಹೋಗಲು ಆಗದಿದ್ದರೆ ಇರುವ ಜಾಗದಲ್ಲೇ, ಸ್ವಲ್ಪ ಹೊತ್ತಾದರೂ ಸರಿ. ಕಣದಲ್ಲಿ ಕಾಫಿ ತಿರುವಿಹಾಕುತ್ತಿದ್ದರೆ ಹಲುಬೆ ನಿಲ್ಲಿಸಿ ಅದರ ಕೋಲಿಗೆ ಎರಡೂ ಕೈಯಿಟ್ಟು "ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ" ಅನ್ನಿ, ಮತ್ತೆ ಎಳೆಯಿರಿ. ಬಸ್ಸಿನಲ್ಲಿದ್ದರೆ ಮನಸ್ಸಿನಲ್ಲೇ. ಗಾಡಿ ಓಡಿಸುತ್ತಿದ್ದರೆ ರಸ್ತೆ ನೋಡಿ, ಚಾರ್ಮಾಡಿ ಘಾಟಿಯಲ್ಲಿ ಕಣ್ಣು ಮುಚ್ಚಬೇಡಿ.

## ಹಂತ 6: ಒಂಬತ್ತು ದಿನ

ಶುಭ ಶುಕ್ರವಾರ ಮೊದಲ ದಿನ. ಕರುಣೆಯ ಭಾನುವಾರದ ಹಿಂದಿನ ಶನಿವಾರ ಒಂಬತ್ತನೇ ದಿನ. ಭಾನುವಾರಕ್ಕೆ ಒಂಬತ್ತು ಬರುವಂತೆ ಶನಿವಾರ ಶುರುಮಾಡುವುದು ಸಾಮಾನ್ಯ ತಪ್ಪು. ಈಗಲೇ ಕ್ಯಾಲೆಂಡರಿನಲ್ಲಿ 1ರಿಂದ 9ರವರೆಗೆ ಅಂಕಿ ಹಾಕಿ.

ಪ್ರತಿ ದಿನಕ್ಕೂ ಒಂದು ಗುಂಪಿನ ಜನ. ಮೊದಲು ಅವರಿಗಾಗಿ ಒಂದೆರಡು ಮಾತಿನ ಪ್ರಾರ್ಥನೆ, ಆಮೇಲೆ ಜಪಸರ.

1. ಶುಕ್ರ: ಇಡೀ ಮನುಕುಲ, ಅದರಲ್ಲೂ ಪಾಪಿಗಳು
2. ಶನಿ: ಗುರುಗಳು, ಸಂನ್ಯಾಸಿ ಸಂನ್ಯಾಸಿನಿಯರು
3. ಭಾನು: ಭಕ್ತಿವಂತರು, ನಿಷ್ಠಾವಂತರು
4. ಸೋಮ: ಕ್ರಿಸ್ತರನ್ನು ಇನ್ನೂ ಅರಿಯದವರು
5. ಮಂಗಳ: ಧರ್ಮಸಭೆಯಿಂದ ಬೇರೆಯಾದವರು
6. ಬುಧ: ದೀನರು, ವಿನಯವಂತರು, ಚಿಕ್ಕ ಮಕ್ಕಳು
7. ಗುರು: ದೈವ ಕರುಣೆಯನ್ನು ವಿಶೇಷವಾಗಿ ಗೌರವಿಸುವವರು
8. ಶುಕ್ರ: ಉತ್ತರಿಸುವ ಸ್ಥಳದಲ್ಲಿರುವ (ಸತ್ತ ಮೇಲೆ ಶುದ್ಧಿಯಾಗುವ ಜಾಗ, ಪರ್ಗೆಟರಿ) ಆತ್ಮಗಳು
9. ಶನಿ: ಭಕ್ತಿ ತಣ್ಣಗಾದವರು

ಮೂರನೇ ದಿನ ನೋಡಿ. ಅದು ಪಾಸ್ಖ ಭಾನುವಾರ. ಹಿಂದಿನ ರಾತ್ರಿ ಜಾಗರಣೆಯ ಬಲಿಪೂಜೆ ಮುಗಿಸಿ ಮಲಗುವಾಗ ತಡವಾಗಿರುತ್ತದೆ. ಬೆಳಗ್ಗೆಯಿಂದ ಅಡುಗೆ, ನೆಂಟರು, ಮಂಗಳೂರಿನಿಂದ ಬಂದ ಚಿಕ್ಕಪ್ಪನ ಮಕ್ಕಳು. ಸಂಜೆಗೆ ಎಲ್ಲರಿಗೂ ನಿದ್ದೆ. ಇಲ್ಲಿ ಹೆಚ್ಚಿನ ಮನೆಗಳ ನೊವೇನಾ ಮುಗಿಯುತ್ತದೆ. ಪರಿಹಾರ ಒಂದೇ, ಆ ದಿನ ಸಂಜೆಗೆ ಇಡಬೇಡಿ. ಊಟಕ್ಕೆ ಕೂರುವ ಮುಂಚೆ, ನೆಂಟರೂ ಇರುವಾಗಲೇ, ಎಲ್ಲರ ಜೊತೆ ಹೇಳಿ ಮುಗಿಸಿ. ಹತ್ತು ನಿಮಿಷಕ್ಕೆ ಹಂದಿ ಸಾರು ಆರಿಹೋಗುವುದಿಲ್ಲ.

ನಾಲ್ಕನೇ ದಿನದ ಬಗ್ಗೆ ಒಂದು ಸೂಕ್ಷ್ಮ. ಅಕ್ಕಪಕ್ಕದವರು ಹಿಂದೂಗಳು, ಮುಸ್ಲಿಮರು. ಅವರಿಗಾಗಿ ಪ್ರೀತಿಯಿಂದ ಪ್ರಾರ್ಥಿಸಿ, ಆದರೆ ಹೋಗಿ "ಇವತ್ತು ನಿಮ್ಮ ಸರದಿ" ಎಂದು ಹೇಳಬೇಕಾಗಿಲ್ಲ. ಹಳೇ ಪುಸ್ತಕಗಳಲ್ಲಿ ಆ ದಿನದ ಪದ ಒರಟಾಗಿರಬಹುದು. ಮೇಲೆ ಬರೆದ ಹಾಗೆ ಹೇಳಿದರೆ ಸಾಕು.

ಒಂದು ದಿನ ತಪ್ಪಿದರೆ? ಮೊದಲಿನಿಂದ ಶುರುಮಾಡಬೇಕು ಎಂಬ ಕಾನೂನು ಯಾವುದೂ ಇಲ್ಲ. ಮರುದಿನ ಎರಡೂ ದಿನದವರ ಹೆಸರು ಹೇಳಿ ಒಂದೇ ಜಪಸರ ಹೇಳಿ ಮುಂದೆ ಹೋಗಿ. ಪೂರ್ತಿ ನಿಂತೇಹೋದರೂ ಕಾಯಬೇಕಾಗಿಲ್ಲ. ನೊವೇನಾವನ್ನು ವರ್ಷದ ಯಾವಾಗ ಬೇಕಾದರೂ ಮಾಡಬಹುದು. ಅಕ್ಟೋಬರ್ 5 ಸಂತ ಫೌಸ್ಟಿನಾ ಸ್ಮರಣೆ, ಸೆಪ್ಟೆಂಬರ್ 26ಕ್ಕೆ ಶುರುಮಾಡಿದರೆ ಹಿಂದಿನ ದಿನಕ್ಕೆ ಮುಗಿಯುತ್ತದೆ. ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ.

ಮನೆಯಿಂದ ಮನೆಗೆ ಹೋಗಿ ಗುಂಪಾಗಿ ಮಾಡುವವರು ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಯ ಸುದ್ದಿ ಕೇಳಿಕೊಂಡೇ ಹೊರಡಿ. ಪ್ರಾರ್ಥನೆ ಐದೂವರೆಗೆ ಇಟ್ಟು, ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರುವಂತೆ ಮಾಡಿ. ಕಾಫಿ ತಿಂಡಿಯ ಏರ್ಪಾಡು ಬೇಡವೇ ಬೇಡ. ಒಂದು ಮನೆಯವರು ಚಹಾ ಬಿಸ್ಕತ್ತು ಕೊಟ್ಟರೆ ಮುಂದಿನ ಮನೆಯವರು ಕೇಸರಿಬಾತ್ ಮಾಡುತ್ತಾರೆ, ಆಮೇಲೆ ಬಡವರ ಮನೆಯವರು "ನಮ್ಮಲ್ಲಿ ಬೇಡ" ಅನ್ನುತ್ತಾರೆ.

## ಹಂತ 7: ದಿನಕ್ಕೊಂದು ಕೆಲಸ

ಕರುಣೆ ತೋರಿಸಲು ಮೂರು ದಾರಿ ಎಂದು ಫೌಸ್ಟಿನಾ ಬರೆದಿದ್ದಾರೆ: ಕೆಲಸ, ಮಾತು, ಪ್ರಾರ್ಥನೆ. ಮೊದಲನೆಯದು ಆಗದಿದ್ದರೆ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ನಾವು ಮೂರನೆಯದರಿಂದ ಶುರುಮಾಡಿ ಅಲ್ಲೇ ನಿಲ್ಲುತ್ತೇವೆ.

ಒಂಬತ್ತು ದಿನವೂ ಜಪಸರದ ಕೊನೆಗೆ "ನಾಳೆ ಯಾರಿಗೆ, ಏನು" ಎಂದು ಒಂದು ಸಾಲು ಕ್ಯಾಲೆಂಡರಿನಲ್ಲಿ ಬರೆಯಿರಿ. ಹೆಸರು ಇರಲೇಬೇಕು. "ಬಡವರಿಗೆ ಸಹಾಯ" ಎಂದು ಬರೆದರೆ ನಡೆಯುವುದಿಲ್ಲ. "ಕೆಳಗಿನ ಮನೆಯ ಅಜ್ಜಿಯ ಬಿಪಿ ಮಾತ್ರೆ ತಂದುಕೊಡುವುದು" ಎಂದು ಬರೆದರೆ ನಡೆಯುತ್ತದೆ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ನಿಮ್ಮೂರಿನವರು ದಾಖಲಾಗಿದ್ದರೆ ರೋಗಿಯನ್ನು ನೋಡಿ ಬಂದರೆ ಸಾಲದು, ಜೊತೆಗಿರುವವರನ್ನು ಎರಡು ಗಂಟೆ ಮನೆಗೆ ಕಳಿಸಿ ನೀವು ಕೂರಿ. ಅವರಿಗೆ ಬೇಕಾದ್ದು ಸ್ನಾನ ಮತ್ತು ನಿದ್ದೆ, ಸೇಬುಹಣ್ಣಲ್ಲ.

ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ.

## ಹಂತ 8: ಕರುಣೆಯ ಭಾನುವಾರ

ಆ ದಿನ ಪೂರ್ಣ ದಂಡವಿಮೋಚನೆ ಪಡೆಯುವ ಅವಕಾಶ ಇದೆ. ಅಂದರೆ ಪಾಪಕ್ಕೆ ಕ್ಷಮೆ ಸಿಕ್ಕ ಮೇಲೂ ಉಳಿಯುವ ತಾತ್ಕಾಲಿಕ ಶಿಕ್ಷೆಯಿಂದ ಪೂರ್ತಿ ಬಿಡುಗಡೆ. ವ್ಯಾಟಿಕನ್ನಿನ 2002ರ ಆದೇಶದ ಪ್ರಕಾರ ಮಾಡಬೇಕಾದ್ದು ಇಷ್ಟು:

1. ಪಾಪನಿವೇದನೆ (ಹಂತ 3ರಲ್ಲಿ ಆಗಿದೆ).
2. ಪರಮಪ್ರಸಾದ ಸ್ವೀಕಾರ.
3. ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ. ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಸಾಕು.
4. ಯಾವುದೇ ಚರ್ಚು ಅಥವಾ ಪ್ರಾರ್ಥನಾಲಯದಲ್ಲಿ ಕರುಣೆಯ ಪ್ರಾರ್ಥನೆಗಳಲ್ಲಿ ಭಾಗವಹಿಸುವುದು. ಅಥವಾ ಪರಮಪ್ರಸಾದದ ಮುಂದೆ ಪರಲೋಕ ಮಂತ್ರ, ವಿಶ್ವಾಸ ಸಂಗ್ರಹ ಹೇಳಿ, "ಕರುಣಾಮಯಿ ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ" ಎಂಬಂಥ ಒಂದು ಪ್ರಾರ್ಥನೆ ಸೇರಿಸುವುದು.
5. ಚಿಕ್ಕ ಪಾಪದ ಮೇಲೂ ಮೋಹ ಇಟ್ಟುಕೊಳ್ಳದ ಮನಸ್ಸು.

ಐದನೆಯದೇ ಕಷ್ಟದ್ದು, ಅದಕ್ಕೇ ಹಂತ 2 ಮೊದಲು ಬಂದದ್ದು.

ಇದನ್ನು ನಿಮಗಾಗಿ ಪಡೆಯಬಹುದು, ತೀರಿಕೊಂಡವರಿಗಾಗಿ ಅರ್ಪಿಸಬಹುದು. ಬದುಕಿರುವ ಇನ್ನೊಬ್ಬರಿಗಾಗಿ ಆಗುವುದಿಲ್ಲ, ದುಬೈನಲ್ಲಿರುವ ಮಗನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಒಬ್ಬರೇ ಬಿಷಪ್ಪರ ಕೈಕೆಳಗಿನ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೇ ಸೇರಿದರೂ, ದೂರದ ಕೆಥೆಡ್ರಲ್‌ಗೇ ಹೋಗಬೇಕೆಂದಿಲ್ಲ. ನಿಮ್ಮೂರಿನ ಚರ್ಚೇ ಸಾಕು. ಭಾನುವಾರದ ಪ್ರವಾಸಕ್ಕೆ ಶೆಟ್ಟಿಹಳ್ಳಿಗೆ ಹೋಗಿ ಹೇಮಾವತಿ ಹಿನ್ನೀರಿನ ಪಾಳು ಚರ್ಚಿನ ಮುಂದೆ ಜಪಸರ ಹೇಳಿದರೆ ಪ್ರಾರ್ಥನೆ ಪ್ರಾರ್ಥನೆಯೇ, ಆದರೆ ಅಲ್ಲಿ ಪರಮಪ್ರಸಾದ ಇಲ್ಲ. ಬಲಿಪೂಜೆ ಮುಗಿಸಿಕೊಂಡು ಹೋಗಿ.

ಹಾಸಿಗೆ ಹಿಡಿದವರು, ಅವರನ್ನು ಬಿಟ್ಟು ಹೊರಡಲಾಗದವರು ಮನೆಯಲ್ಲೇ ಯೇಸುವಿನ ಪಟದ ಮುಂದೆ ಪರಲೋಕ ಮಂತ್ರ, ವಿಶ್ವಾಸ ಸಂಗ್ರಹ, ಮೇಲಿನ ಚಿಕ್ಕ ಪ್ರಾರ್ಥನೆ ಹೇಳಬಹುದು. ಪಾಪವನ್ನು ಮನಸ್ಸಾರೆ ತೊರೆದು, ಉಳಿದ ಷರತ್ತುಗಳನ್ನು ಆದಷ್ಟು ಬೇಗ ಪೂರೈಸುವ ಮನಸ್ಸಿರಬೇಕು. ಇದು ಮನೆಯ ಹಿರಿಯರಿಗೆ ಗೊತ್ತಿರುವುದಿಲ್ಲ, "ನನಗೆ ಹೋಗಲಿಕ್ಕಾಗಲಿಲ್ಲ" ಎಂದು ಕೊರಗುತ್ತಾರೆ. ಹೇಳಿ.

## ದಾರಿ ತಪ್ಪಿದ ಗುರುತುಗಳು

"ಒಂಬತ್ತು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಕೆಟ್ಟದಾಗುತ್ತೆ" ಎಂಬ ಮೆಸೇಜ್ ಬಂದರೆ ಅಳಿಸಿ. ಅದು ಹೆದರಿಕೆಯ ವ್ಯಾಪಾರ.

ಒಂದು ದಿನ ಬಿಟ್ಟದ್ದಕ್ಕೇ ಮಗುವಿಗೆ ಜ್ವರ ಬಂತು ಎಂದು ನಿಮಗೆ ಅನಿಸತೊಡಗಿದರೆ, ಅಥವಾ ಎಷ್ಟು ಸಲ ಪಾಪನಿವೇದನೆ ಮಾಡಿದರೂ ಕ್ಷಮೆ ಸಿಕ್ಕಿಲ್ಲ ಅನಿಸುತ್ತಿದ್ದರೆ, ಪ್ರಾರ್ಥನೆ ಜಾಸ್ತಿ ಮಾಡಬೇಡಿ. ಸ್ವಾಮಿಗಳ ಹತ್ತಿರ ಕೂತು ಮಾತಾಡಿ. ಈ ಭಕ್ತಿಯ ಮುಖ್ಯ ಪದ ಭರವಸೆ. ಹೆದರಿಕೆ ಬೆಳೆಯುತ್ತಿದ್ದರೆ ಎಲ್ಲೋ ಉಲ್ಟಾ ಆಗಿದೆ.

ಔಷಧಿ ನಿಲ್ಲಿಸಿ ಜಪಸರ ಹೇಳಿ ಎನ್ನುವವರು, ಪ್ರಾರ್ಥನೆಗೆ ಇಷ್ಟು ಅಂತ ದುಡ್ಡು ಹೇಳುವವರು ಮನೆಯೊಳಗೆ ಬರದಂತೆ ನೋಡಿಕೊಳ್ಳಿ. ಭಾನುವಾರದ ಬಲಿಪೂಜೆ ತಪ್ಪಿಸಿ ಜಪಸರದ ಕೂಟಕ್ಕೆ ಹೋಗುವ ಅಭ್ಯಾಸ ಶುರುವಾದರೂ ಅದೇ ಮಾತು, ಕೂಟ ನಿಲ್ಲಿಸಿ.

ಇನ್ನೊಂದು ಗುರುತು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಜಪಸರ ಮುಗಿದು ಮೇಣದಬತ್ತಿ ಆರಿಸಿದ ಮರುಕ್ಷಣವೇ ಮನೆಯಲ್ಲಿ ಬೈಗುಳ ಶುರುವಾಗುವುದು, ಅದೂ ದಿನಾ. ಆಗ ಜಪಸರ ಹೇಳುವ ಹೊತ್ತನ್ನು ಬದಲಿಸಿ ನೋಡಿ. ಮಕ್ಕಳು ಹಸಿದಿರುವಾಗ, ಹೆಂಗಸರು ಸುಸ್ತಾಗಿರುವಾಗ ರಾತ್ರಿ ಎಂಟೂವರೆಗೆ ಕೂತರೆ ಆಗುವುದೇ ಹಾಗೆ. ಗಂಡಸರು ಅನ್ನಕ್ಕೆ ಇಟ್ಟು ಬಂದು ಪ್ರಾರ್ಥನೆಗೆ ಕೂತರೆ ಅರ್ಧ ಜಗಳ ಕಮ್ಮಿ.

## ಸಾಯುತ್ತಿರುವವರ ಹತ್ತಿರ

ಈ ಜಪಸರವನ್ನು ಸಾಯುವವರ ಪಕ್ಕದಲ್ಲಿ ಹೇಳುವ ರೂಢಿ ಇದೆ. ಆದರೆ ಮೊದಲ ಕೆಲಸ ಸ್ವಾಮಿಗಳಿಗೆ ಫೋನ್ ಮಾಡುವುದು. ರೋಗಿಗಳ ಅಭ್ಯಂಗ ಸಂಸ್ಕಾರವನ್ನು (ಸ್ವಾಮಿಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವುದು) ಪ್ರಜ್ಞೆ ಇರುವಾಗಲೇ ಕೊಡಿಸಿದರೆ ಒಳ್ಳೆಯದು, "ಹೆದರ್ತಾರೆ" ಎಂದು ಕೊನೆಯವರೆಗೆ ತಳ್ಳಬೇಡಿ. ಆಮೇಲೆ ಜಪಸರ. ಒಬ್ಬರೇ, ಮೆಲ್ಲಗೆ, ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ. ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಗೆ ತೊಂದರೆ ಆಗದಂತೆ. ಅವರು ಉತ್ತರ ಕೊಡಲಿ ಎಂದು ಕಾಯಬೇಡಿ, ಕೈ ಹಿಡಿದುಕೊಂಡರೆ ಸಾಕು.

## ಕ್ಯಾಲೆಂಡರಿಗೆ ದಿನಾಂಕ

2027: ಮಾರ್ಚ್ 26 ಶುಭ ಶುಕ್ರವಾರ, ಮಾರ್ಚ್ 28 ಪಾಸ್ಖ, ಏಪ್ರಿಲ್ 4 ಕರುಣೆಯ ಭಾನುವಾರ. ಪಾಪನಿವೇದನೆ ಮಾರ್ಚ್ 15ರಿಂದ 20ರೊಳಗೆ. ಆಗ ಮಕ್ಕಳ ಪರೀಕ್ಷೆಯ ಹೊತ್ತೂ ಆಗಿರಬಹುದು, ಜಪಸರವನ್ನು ಬೆಳಗ್ಗೆಗೆ ಇಟ್ಟುಕೊಳ್ಳುವುದು ವಾಸಿ.

2028: ಏಪ್ರಿಲ್ 14 ಶುಭ ಶುಕ್ರವಾರ, ಏಪ್ರಿಲ್ 16 ಪಾಸ್ಖ, ಏಪ್ರಿಲ್ 23 ಕರುಣೆಯ ಭಾನುವಾರ. ಪಾಪನಿವೇದನೆ ಏಪ್ರಿಲ್ 3ರಿಂದ 8ರೊಳಗೆ.